ಟೀಚರ್ ಗಿಡಕ್ಕೊಂದು ರಾತ್ರಿ

ದೇವರ ಕೋಣೆಯೊಳಗೆ ಕಳ್ಳಿ ತಂದಿಟ್ಟವಳೆಂದರೆ ನಾನು ಕಂಡ ಮಟ್ಟಿಗೆ ಒಬ್ಬಳೇ, ನನ್ನ ತಮ್ಮನ ಹೆಂಡತಿ ತುಂಗಾ. ಕಳ್ಳಿ ಇದ್ದ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ಕೇಳಿಕೊಂಡೇ ಬೆಳೆದವಳು ನಾನು. ಅಂಥದ್ದರಲ್ಲಿ ಇವಳು ಅದನ್ನು ಕೃಷ್ಣನ ಪಕ್ಕದಲ್ಲೇ, ನಾನು ದಿನಾ ತುಳಸಿ ಬಿಡಿಸಿಡುವ ಕಟ್ಟೆಯ ಮೇಲೆ ಕೂರಿಸಿದಾಗ ನನಗೆ ಮೈಯೆಲ್ಲ ಉರಿಯಿತು. ಉರಿದದ್ದನ್ನು ಒಳಗೇ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ, ಹೇಳಿಯೇಬಿಟ್ಟೆ.

“ಅತ್ತಿಗೆ, ಅದಕ್ಕೆ ಮುಳ್ಳೇ ಇಲ್ಲ ನೋಡಿ,” ಎಂದಳು ತುಂಗಾ. “ಮುಳ್ಳಿಲ್ಲದ್ದು ಕಳ್ಳಿ ಹೇಗಾಗ್ತದೆ?”

ನೋಡಿದರೆ ಅದೂ ನಿಜವೇ. ಚಪ್ಪಟೆಯ ಹಸಿರು ತುಂಡು, ಅದರ ತುದಿಗೆ ಇನ್ನೊಂದು, ಅದರ ತುದಿಗೆ ಮತ್ತೊಂದು, ಹೀಗೆ ಸರದ ಹಾಗೆ ಪೋಣಿಸಿಕೊಂಡು ಕುಂಡದ ಅಂಚಿನಿಂದ ಕೆಳಕ್ಕೆ ಬಾಗಿದ ಗಿಡ. ಎಲೆಯೆಂದರೆ ಎಲೆಯಲ್ಲ, ಕಾಂಡವೆಂದರೆ ಕಾಂಡವಲ್ಲ. ಕ್ರಿಸ್‌ಮಸ್ ಹೊತ್ತಿಗೆ ಹೂ ಬಿಡುವುದರಿಂದ ಅದಕ್ಕೆ ಕ್ರಿಸ್‌ಮಸ್ ಕಳ್ಳಿ ಎಂದು ಹೆಸರಂತೆ. ನಮ್ಮ ಮನೆಯಲ್ಲಿ ಅದು ಟೀಚರ್ ಗಿಡ. ಆದರೆ ಆ ಹೂವನ್ನು ನಮ್ಮ ಮನೆಯವರು ವರ್ಷಗಟ್ಟಲೆ ಕಣ್ಣಿಂದ ಕಾಣಲಿಲ್ಲ.

ನಮ್ಮ ಹೋಟೆಲು ಇರುವುದು ಮದರಾಸಿನ ವಡಪಳನಿಯಲ್ಲಿ, ಮುರುಗನ ಗುಡಿಯ ಹಿಂದಿನ ಬೀದಿಯಲ್ಲಿ. ಕೆಳಗೆ ಹೋಟೆಲು, ಎರಡು ಮಹಡಿ ಹತ್ತಿದರೆ ಮನೆ. ನಡೆಸುವವನು ನನ್ನ ತಮ್ಮ. ಸಿನಿಮಾ ಸ್ಟುಡಿಯೋದ ಲೈಟ್‌ಮ್ಯಾನ್‌ಗಳಿಂದ ಹಿಡಿದು ಹೂ ಮಾರುವವಳವರೆಗೆ ಎಲ್ಲರೂ ಅವನನ್ನು ಕಿಟ್ಟಣ್ಣ ಎನ್ನುವುದರಿಂದ ಅಕ್ಕನಾದ ನನ್ನ ಬಾಯಿಗೂ ಅದೇ ಬಂದುಬಿಟ್ಟಿದೆ. ನನ್ನ ಯಜಮಾನರು ಹೋದ ಮೇಲೆ ನಾನು ಉಡುಪಿ ಕಡೆಯಿಂದ ಬಂದು ಇವರ ಜೊತೆ ಸೇರಿದೆ. ದೇವರ ಕೋಣೆ ಮತ್ತು ಉಪ್ಪಿನಕಾಯಿಯ ಭರಣಿ, ಈ ಎರಡರ ಮೇಲೆ ನನ್ನ ಅಧಿಕಾರ. ಉಳಿದದ್ದೆಲ್ಲ ತುಂಗಾಳದು, ಕಿಟ್ಟಣ್ಣನೂ ಸೇರಿ.

ಟೀಚರ್ ಎಂದರೆ ಎದುರು ಮನೆಯ ಎಸ್ತರ್ ಟೀಚರ್. ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಮಾತು ಕಡಿಮೆ, ಮೊಣಕಾಲು ನೋವು ಹೆಚ್ಚು. ದಿನಾ ಸಂಜೆ ನಮ್ಮ ಹೋಟೆಲಿನ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಒಂದು ಕಾಫಿ ಕುಡಿದು ಹೋಗುತ್ತಿದ್ದರು. ಒಂದು ಕೃಷ್ಣಾಷ್ಟಮಿಗೆ ತುಂಗಾ ಅವರ ಮನೆಗೆ ಡಬ್ಬಿಯ ತುಂಬ ಚಕ್ಕುಲಿ, ಉಂಡೆ ಕಳಿಸಿದಳು. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬ ಪದ್ಧತಿ ನಮ್ಮಲ್ಲಿರುವ ಹಾಗೆ ಅವರಲ್ಲೂ ಇದೆ. ಆ ಹೊತ್ತಿಗೆ ಮನೆಯಲ್ಲಿ ಬೇರೇನೂ ಇರಲಿಲ್ಲವೋ ಏನೋ, ಟೀಚರ್ ತಮ್ಮ ಹಿತ್ತಲಿನ ಗಿಡದ ನಾಲ್ಕಾರು ತುಂಡುಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ನಾನು ಗೊಣಗಿದೆ. ತುಂಗಾ ಮಾತ್ರ ಆ ತುಂಡುಗಳನ್ನು ಹಿಡಿದುಕೊಂಡು ಬೀದಿ ದಾಟಿ ಹೋಗಿ, ಇದನ್ನು ಬದುಕಿಸುವುದು ಹೇಗೆಂದು ಕೇಳಿಕೊಂಡು ಬಂದಳು.

ಆ ಗಿಡ ಟೀಚರ್ ಅವರ ತಾಯಿಯದಂತೆ. ಕೂನೂರಿನ ಮನೆಯ ಕಿಟಕಿಯಲ್ಲಿತ್ತು. ಕೆಲಸ ಸಿಕ್ಕಿ ಮದರಾಸಿಗೆ ಬಂದಾಗ ಟೀಚರ್ ಅದರದೊಂದು ತುಂಡನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದರು. ಕ್ರಿಸ್‌ಮಸ್‌ಗೆ ಬಾಲ ಯೇಸುವಿನ ಗೋದಲಿ, ಎಂದರೆ ಅವನು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ, ಕಟ್ಟಿದರೆ ಅದರ ಪಕ್ಕದಲ್ಲಿ ಹೂ ಬಿಟ್ಟ ಆ ಕುಂಡ ಇರಲೇಬೇಕು, ಅದು ತಾಯಿಯ ಕಾಲದ ಕ್ರಮ. ಮದರಾಸಿಗೆ ಬಂದ ಮೇಲೆ ಮಾತ್ರ ಗಿಡ ಹೂ ಬಿಟ್ಟದ್ದೇ ಇಲ್ಲವಂತೆ. ಹೂವಿನ ಬಣ್ಣ ಏನೆಂದು ತುಂಗಾ ಕೇಳಿದ್ದಕ್ಕೆ ಟೀಚರ್ ಸ್ವಲ್ಪ ಯೋಚಿಸಿ, ಅದನ್ನು ಹೇಳಲಿಕ್ಕೆ ಬರುವುದಿಲ್ಲ, ನೋಡಬೇಕು ಎಂದರಂತೆ. ಲೆಕ್ಕದ ಟೀಚರ್ ಬಾಯಲ್ಲಿ ಇಂಥ ಮಾತು ಬಂದದ್ದು ತುಂಗಾಳಿಗೆ ಬಹಳ ಹಿಡಿಸಿತು.

ಬದುಕಿಸುವ ವಿದ್ಯೆಯನ್ನೂ ಟೀಚರೇ ಹೇಳಿಕೊಟ್ಟರು. ಕತ್ತರಿ ತಾಗಿಸಬಾರದು, ಗೆಣ್ಣಿನಲ್ಲಿ ಹಿಡಿದು ಮೆಲ್ಲಗೆ ತಿರುಚಿದರೆ ತುಂಡು ತಾನಾಗಿ ಕಳಚುತ್ತದೆ. ಕಳಚಿದ ಕೂಡಲೇ ನೆಡಬಾರದು, ನೆರಳಿನಲ್ಲಿಟ್ಟು ಗಾಯ ಒಣಗಿದ ಮೇಲೆ ನೆಡಬೇಕು. ಆಳಕ್ಕೆ ಹೂಳುವುದು ಬೇಡ, ನಿಲ್ಲುವಷ್ಟು ಊರಿದರೆ ಸಾಕು. ಇಷ್ಟು ಕೇಳಿಕೊಂಡು ಬಂದ ತುಂಗಾ, ಹೋಟೆಲಿನವಳ ಬುದ್ಧಿ ನೋಡಿ, ಡಿಕಾಕ್ಷನ್ ಇಳಿಸಿ ಉಳಿದ ಕಾಫಿಪುಡಿಯನ್ನೆಲ್ಲ ಮಣ್ಣಿಗೆ ಬೆರೆಸಿದಳು. ಗೊಬ್ಬರ ಆಗುತ್ತದೆ ಎಂಬ ಆಸೆ. ಮೇಲೆ ಬಿಳಿ ಬೂಷ್ಟು ಬಂದು ಎಲ್ಲ ಕೊಳೆತವು, ಉಳಿದದ್ದು ಎರಡೇ ತುಂಡು. ಆಮೇಲೆ ಪಾಠ ಕಲಿತು, ಅಡುಗೆಮನೆಯಲ್ಲಿ ಬಿದ್ದಿರುವ ತೆಂಗಿನ ನಾರು, ಮರಳು, ಇಟ್ಟಿಗೆಯ ಚೂರು ಸೇರಿಸಿ ಹಗುರ ಮಣ್ಣು ಮಾಡಿದಳು. ಅದರಲ್ಲಿ ಆ ಎರಡು ತುಂಡು ಚಿಗುರಿದವು, ಚಿಗುರಿದ್ದನ್ನು ತಿರುಚಿ ಮತ್ತೆ ನೆಟ್ಟಳು. ಹೋಟೆಲಿನಲ್ಲಿ ನೆಗ್ಗಿದ ಸ್ಟೀಲ್ ಲೋಟಗಳ ತಳಕ್ಕೆಲ್ಲ ಮೊಳೆಯಿಂದ ತೂತು ಬಿತ್ತು. ತುಂಡನ್ನು ಎರಡು ಬೆರಳಲ್ಲಿ ಹಿಡಿದು ತುಸುವೇ ಎಳೆದು ನೋಡುತ್ತಿದ್ದಳು. ಗಿಡ ಬಿಗಿ ಹಿಡಿದರೆ ಬೇರು ಬಂದಿದೆ ಎಂದು ಅರ್ಥ, ಆಗ ಅವಳ ಮುಖ ನೋಡಬೇಕಿತ್ತು.

ಬೇರು ಬಂದದ್ದೆಲ್ಲ ಊರಿನ ಪಾಲು. ಮದುವೆಗೆ ಹೋದರೆ ಜನ ಬೆಳ್ಳಿಯ ಕುಂಕುಮದ ಬಟ್ಟಲು ಕೊಡುತ್ತಾರೆ, ತುಂಗಾ ತೂತು ಲೋಟದಲ್ಲಿ ಕಳ್ಳಿ ಕೊಟ್ಟು ಬರುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು. ಮಣಲಿಯಲ್ಲಿ ರಿಫೈನರಿ ಕೆಲಸದಲ್ಲಿರುವ ನಮ್ಮ ನೆಂಟ ಸಂತೋಷನ ಮನೆಗೂ ಒಂದು ಹೋಯಿತು, ಅಡ್ಯಾರಿನಲ್ಲಿ ಹೊಸದಾಗಿ ಸಂಸಾರ ಹೂಡಿದ್ದ ಮೈಸೂರಿನ ಹುಡುಗಿ ಮೌನಳ ಮನೆಗೂ ಒಂದು ಹೋಯಿತು. ಮೊಟ್ಟಮೊದಲು ಬೇರು ಬಿಟ್ಟ ದೊಡ್ಡ ಗಿಡವನ್ನು ಮಾತ್ರ ಅವಳು ಯಾರಿಗೂ ಕೊಡಲಿಲ್ಲ. ಮೊದಲ ಹೂ ಕೃಷ್ಣನಿಗೆ ಎಂದು ಹರಸಿಕೊಂಡಿದ್ದಳು. ಕೃಷ್ಣನ ಹೂ ಕೃಷ್ಣನ ಹತ್ತಿರವೇ ಬೆಳೆಯಲಿ ಎಂದು ಗಿಡವನ್ನು ದೇವರ ಕೋಣೆಗೆ ತಂದಿಟ್ಟದ್ದು ಹಾಗೆ. ಅಲ್ಲಿನ ಪೂರ್ವದ ಕಿಟಕಿಯ ಬೆಳಕಿಗೆ ಅದು ಬೆಳೆದದ್ದೇ ಬೆಳೆದದ್ದು, ಮೊಗ್ಗಿನ ಸುದ್ದಿ ಇಲ್ಲ. ವರ್ಷ ವರ್ಷವೂ ಡಿಸೆಂಬರ್ ಬರುತ್ತಿತ್ತು, ತುಂಗಾ ಒಂದೊಂದು ತುದಿಯನ್ನೂ ಎತ್ತಿ ನೋಡುತ್ತಿದ್ದಳು, ಏನೂ ಇಲ್ಲ ಎಂದು ಬಿಡುತ್ತಿದ್ದಳು.

ಇದರ ನಡುವೆ ಚಂಡಮಾರುತದ ಮಳೆ ಬಂದು ಟೀಚರ್ ಮನೆಯ ಹಿತ್ತಲಲ್ಲಿ ನೀರು ನಿಂತಿತು. ನೀರು ಇಳಿಯುವಷ್ಟರಲ್ಲಿ ತಾಯಿಯ ಕಾಲದ ಗಿಡ ಬುಡದಿಂದ ಕೊಳೆತುಹೋಗಿತ್ತು. ಟೀಚರ್ ಯಾರ ಹತ್ತಿರವೂ ಅದರ ಮಾತೆತ್ತಲಿಲ್ಲ. ಖಾಲಿ ಕುಂಡವನ್ನು ತೊಳೆದು ಗೋಡೆಗೆ ಕವುಚಿಟ್ಟದ್ದನ್ನು ತುಂಗಾ ನೋಡಿ ಬಂದು, ಆ ದಿನ ಊಟ ಸರಿಯಾಗಿ ಮಾಡಲಿಲ್ಲ.

ಕಳೆದ ವರ್ಷದ ಶುರುವಿನಲ್ಲಿ ಮೌನ ಒಂದು ಫೋಟೋ ಕಳಿಸಿದಳು. ಅವಳ ಮನೆಯಲ್ಲಿ ಟೀಚರ್ ಗಿಡ ಹೂ ಬಿಟ್ಟಿತ್ತು. ಕತ್ತಲೆಯಲ್ಲಿ ತೆಗೆದ ಫೋಟೋ, ಹೂ ಇದ್ದ ಕಡೆ ಒಂದು ಕೆಂಪು ಮುದ್ದೆ ಕಾಣುತ್ತಿತ್ತು ಅಷ್ಟೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊತ್ತುಹೊತ್ತಿಗೆ ನೋಡಿಕೊಂಡವಳಿಗೆ ಎಲೆ, ನೀರು ಹಾಕಲಿಕ್ಕೂ ನೆನಪಿಲ್ಲದವಳಿಗೆ ಹೂವೇ? ಕೃಷ್ಣನ ಮುಖ ನೋಡಿ ಕೇಳಿಯೂಬಿಟ್ಟೆ. ತುಂಗಾ ಮಾತ್ರ ಹೂ ತನ್ನ ಮನೆಯಲ್ಲೇ ಬಿಟ್ಟಷ್ಟು ಸಂತೋಷದಿಂದ ಫೋಟೋವನ್ನು ಟೀಚರ್ ಹತ್ತಿರ ಒಯ್ದಳು. ಟೀಚರ್ ಕನ್ನಡಕ ಏರಿಸಿ ನೋಡಿ, ಬಣ್ಣ ಇದಲ್ಲ, ಫೋನಿಗೆ ಆ ಬಣ್ಣ ಗೊತ್ತಾಗಿಲ್ಲ ಎಂದರು. ನೋಡಿ ಬರೋಣವೆಂದು ಹೊರಡುವಷ್ಟರಲ್ಲಿ ಹೂ ಉದುರಿತ್ತು. ಬೇಸಿಗೆಯಲ್ಲಿ ಮೌನ ಗಂಡನ ಜೊತೆ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಗಿಡವೂ ಒಣಗಿತ್ತು.

ಅದಾಗಿ ಕೆಲವು ತಿಂಗಳಿಗೆ, ಅಷ್ಟಮಿಯ ಹಿಂದುಮುಂದಿನಲ್ಲಿ, ಟೀಚರ್ ಕಾಫಿ ಮುಗಿಸಿ ತುಂಗಾಳನ್ನು ಕೆಳಕ್ಕೆ ಕರೆಸಿದರು. ಮೊಣಕಾಲಿನಿಂದಾಗಿ ಅವರು ನಮ್ಮ ಮೆಟ್ಟಿಲು ಹತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರಿದ್ದ ಹಳೆಯ ಮನೆಯನ್ನು ಮಾಲೀಕರು ಬಿಲ್ಡರ್‌ಗೆ ಕೊಟ್ಟಿದ್ದಾರಂತೆ, ಕೆಡವಿ ಫ್ಲ್ಯಾಟ್ ಕಟ್ಟುತ್ತಾರೆ. ಪೊಂಗಲ್ ಮುಗಿದ ಮೇಲೆ ಟೀಚರ್ ನಾಗರಕೋಯಿಲಿನ ತಂಗಿಯ ಮನೆಗೆ ಹೋಗಿ ಇರುವುದೆಂದು ನಿಶ್ಚಯವಾಗಿದೆ. ಈ ಬೀದಿಯಲ್ಲಿ ಇದು ಕೊನೆಯ ಕ್ರಿಸ್‌ಮಸ್. ಇಷ್ಟು ಹೇಳಿ, ಲೋಟವನ್ನು ಪಕ್ಕಕ್ಕೆ ಸರಿಸಿ, ಈ ಸಲ ಗೋದಲಿಯ ಪಕ್ಕ ಅಮ್ಮನ ಹೂ ಇರಬಹುದಾ ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಅವರು ನಮ್ಮ ಹತ್ತಿರ ಕೇಳಿದ್ದು ಅದೊಂದೇ.

ತುಂಗಾ ಇರುತ್ತದೆ ಎಂದುಬಿಟ್ಟಳು. ಹೂ ಬಿಡದ ಗಿಡ ಇಟ್ಟುಕೊಂಡು ಮಾತು ಕೊಟ್ಟು ಬಂದಿದ್ದಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಾನು ಚುಚ್ಚಿದೆ. ಅವಳು ಮರುದಿನವೇ ಅಡ್ಯಾರಿನ ಬಸ್ಸು ಹತ್ತಿದಳು, ಏನೋ ಮಾಡಿಕೊಳ್ಳುತ್ತಾಳೆಂದು ನಾನೂ ಹಿಂದೆ ಹೊರಟೆ.

ಮೌನಳಿಗೆ ನಮ್ಮನ್ನು ನೋಡಿ ಭಯವೇ ಆಯಿತೇನೋ. ಒಣಗಿಸಿದ್ದಕ್ಕೆ ಬೈಯಲು ಬಂದಿದ್ದೇವೆ ಎಂದುಕೊಂಡಿರಬೇಕು. ತುಂಗಾ ಬೈಯಲಿಲ್ಲ, ಕೇಳುತ್ತಾ ಹೋದಳು. ನೀರು ಯಾವಾಗ ಹಾಕುತ್ತಿದ್ದೆ, ಯಾವ ಗೊಬ್ಬರ, ಯಾವ ಜಾಗ.

“ಆಂಟೀ, ನಿಜ ಹೇಳ್ಬೇಕಂದ್ರೆ ನಾನು ಅದನ್ನ ನೋಡ್ಕೊಂಡೇ ಇಲ್ಲ,” ಎಂದಳು ಮೌನ. “ಆ ಹಿಂದಿನ ರೂಮಲ್ಲಿಟ್ಟು ಮರ್ತೇಬಿಟ್ಟಿದ್ದೆ. ಅತ್ತೆ ಮಾವ ಬಂದಾಗ ಬಿಟ್ರೆ ಆ ರೂಮಲ್ಲಿ ನಾವು ಲೈಟೇ ಹಾಕಲ್ಲ.”

ತುಂಗಾ ಆ ಕೋಣೆಗೆ ಹೋಗಿ ನಿಂತು ನೋಡಿದಳು. ಕಿಟಕಿಯಾಚೆ ದೊಡ್ಡ ಮಳೆಮರ, ನಡುಹಗಲಿನಲ್ಲೂ ತಂಪು. ಅಲ್ಲಿಂದ ಸೀದಾ ವಾಪಸು ಬಂದೆವು. ಸಂಜೆ ಹೋಟೆಲಿನ ಅಡುಗೆಮನೆಯಲ್ಲಿ ಮರುದಿನದ ಇಡ್ಲಿಗೆ ರುಬ್ಬಿ, ಹಿಟ್ಟನ್ನು ದೊಡ್ಡ ಅಂಡಾಗಳಲ್ಲಿ ತುಂಬಿ ಮುಚ್ಚುವ ಹೊತ್ತು. ಅಂಡಾ ಎಂದರೆ ನಮ್ಮ ಹಂಡೆ, ಇಲ್ಲಿ ಎಲ್ಲರೂ ಹಾಗೆನ್ನುತ್ತಾರೆ. ಅಡುಗೆಯ ದಿನೇಶ್ ಹಿಟ್ಟು ಉಬ್ಬಿದೆಯೇ ಎಂದು ಮುಚ್ಚಳ ಎತ್ತಿ ಇಣುಕಲು ಹೋದ. ಮುಚ್ಚಿಟ್ಟದ್ದನ್ನು ಸುಮ್ಮನೆ ಬಿಡಬೇಕು, ತೆರೆದು ತೆರೆದು ನೋಡಿದರೆ ಅದು ಬರುವುದಿಲ್ಲ ಎಂದು ತುಂಗಾ ದಿನವೂ ಹೇಳುವುದನ್ನೇ ಹೇಳಿದಳು. ಹೇಳಿದವಳು ಅಲ್ಲೇ ನಿಂತುಬಿಟ್ಟಳು. ಮರುಗಳಿಗೆ ಮೆಟ್ಟಿಲು ಹತ್ತಿ ಬಂದು ದೇವರ ಕೋಣೆಯ ಬಾಗಿಲಲ್ಲಿ ನಿಂತಾಗ ನಾನು ದೀಪ ಹಚ್ಚುತ್ತಿದ್ದೆ.

ನಮ್ಮ ದೇವರ ಕೋಣೆಯಲ್ಲಿ ಎಣ್ಣೆಯ ದೀಪ ಎರಡು ಹೊತ್ತು. ಅದಲ್ಲದೆ ಒಂದು ಸಣ್ಣ ಕೆಂಪು ಬಲ್ಬು ಹಗಲೂ ರಾತ್ರಿ ಉರಿಯುತ್ತದೆ. ನಮ್ಮ ತಾಯಿ ಇದ್ದಾಗ ಹಾಕಿಸಿದ್ದು, ದೇವರು ಕತ್ತಲೆಯಲ್ಲಿರಬಾರದು ಎಂದು. ಆರಿಸುವ ಪದ್ಧತಿಯೇ ಇಲ್ಲ. ಇನ್ವರ್ಟರ್ ತಂದಾಗ ಕಿಟ್ಟಣ್ಣ ಫ್ಯಾನಿಗಿಂತ ಮೊದಲು ಆ ಬಲ್ಬಿಗೆ ವೈರು ಎಳೆಸಿದ. ಅದರ ಕೆಳಗೇ ಅಷ್ಟೂ ವರ್ಷ ಕುಂಡ ಕೂತಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅಲ್ಲೂ ಕತ್ತಲೆ ಇರಲಿಲ್ಲ.

“ಅತ್ತಿಗೆ, ಮೌನಳ ಗಿಡಕ್ಕೆ ಕತ್ತಲೆ ಸಿಕ್ತು, ಹೂ ಬಿಟ್ಟಿತು. ಇದಕ್ಕೆ ಇಷ್ಟು ವರ್ಷ ರಾತ್ರಿ ಅಂತ ಒಂದು ಆಗ್ಲೇ ಇಲ್ಲ,” ಎಂದಳು ತುಂಗಾ.

ಬಲ್ಬು ಆರಿಸೋಣ ಎಂದರೆ ಜಗಳಕ್ಕೆ ನಾನು ಸೆರಗು ಬಿಗಿದುಕೊಂಡೇ ನಿಂತಿದ್ದೆ. ಅವಳು ಅನ್ನಲಿಲ್ಲ. ಗಿಡವನ್ನೇ ಎತ್ತಿಕೊಂಡು ಹೊರಗೆ ಹೋದಳು. ಮನೆಯಿಂದ ತಾರಸಿಗೆ ಹತ್ತುವಲ್ಲಿ, ನೀರಿನ ಟ್ಯಾಂಕಿಯ ಕೆಳಗೆ, ಮೆಟ್ಟಿಲು ತಿರುಗುವ ಜಾಗದಲ್ಲಿ ಒಂದು ಕಲ್ಲಿನ ಹಲಗೆಯಿದೆ. ಮನೆಯಲ್ಲಿ ಅದಕ್ಕಿಂತ ತಂಪಿನ ಜಾಗ ಇನ್ನೊಂದಿಲ್ಲ. ಬಡಗಣ ಕಿಟಕಿಯಿಂದ ಹಗಲಿಗೆ ಬೇಕಾದಷ್ಟು ಬೆಳಕು. ತೊಂದರೆಯೆಂದರೆ ಸಂಜೆಯಾದರೆ ಅದೇ ಕಿಟಕಿಯಿಂದ ಬೀದಿದೀಪದ ಬೆಳಕೂ ನಮ್ಮದೇ ಹೋಟೆಲಿನ ಬೋರ್ಡಿನ ಬೆಳಕೂ ಒಳಗೆ ಬರುತ್ತವೆ. ಈ ಊರಿನಲ್ಲಿ ಕತ್ತಲೆಯನ್ನು ಎಲ್ಲಿಂದ ತರುವುದು? ತುಂಗಾ ಕೆಳಗೆ ಹೋಗಿ ಹಳೆಯದೊಂದು ಹಿಟ್ಟಿನ ಅಂಡಾ ತಂದು ಗಿಡದ ಮೇಲೆ ಕವುಚಿದಳು. ಗಾಳಿಯಾಡಲೆಂದು ಒಂದು ಅಂಚಿನ ಕೆಳಗೆ ಸಣ್ಣ ಕಲ್ಲು ಇಟ್ಟಳು.

ಅವತ್ತಿನಿಂದ ಶುರುವಾಯಿತು ನೋಡಿ. ನಾನು ದೇವರ ದೀಪ ಹಚ್ಚುವ ಹೊತ್ತಿಗೆ ಅವಳು ಅಂಡಾ ಕವುಚುವುದು, ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಎತ್ತುವುದು. ನವರಾತ್ರಿಯಲ್ಲಿ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಆಗಲೂ ತಪ್ಪಲಿಲ್ಲ. ದೀಪಾವಳಿಗೆ ಸಿಹಿತಿಂಡಿಯ ಆರ್ಡರುಗಳ ನಡುವೆ ತುಪ್ಪದ ಕೈಯಲ್ಲೇ ಓಡಿ ಬಂದು ಮುಚ್ಚಿ ಹೋಗುತ್ತಿದ್ದಳು. ಒಂದು ವಾರ ಜ್ವರ ಬಂದು ಮಲಗಿದಳು. ನಾನು ಮುಚ್ಚುತ್ತೇನೆ ಎಂದರೂ ಕೇಳದೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ನೀರೂ ಅಳೆದು ಸುರಿದ ಹಾಗೆ, ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ. ನಾನು ಅರುವತ್ತು ದಾಟಿದವಳು, ವ್ರತ ಹಿಡಿದವರನ್ನು ಬೇಕಾದಷ್ಟು ನೋಡಿದ್ದೇನೆ, ನಾನೂ ಹಿಡಿದಿದ್ದೇನೆ. ನಮ್ಮ ವ್ರತಗಳಲ್ಲಿ ಒಂದು ಕಣ್ಣು ಫಲದ ಮೇಲಿರುತ್ತದೆ, ಇನ್ನೊಂದು ನೋಡುವವರ ಮೇಲೆ. ಇವಳದು ಹಾಗಿರಲಿಲ್ಲ. ಬಾಯಿಬಿಟ್ಟು ಅವಳಿಗೆ ಹೇಳಲಿಲ್ಲ, ಆದರೆ ಇಂಥವಳು ನಮ್ಮ ಮನೆಗೆ ಬಂದಳಲ್ಲ ಎಂದು ನನಗೆ ಹೆಮ್ಮೆಯಾಯಿತು.

ಕಾರ್ತಿಕದ ಮಳೆಯ ನಡುವೆ ಒಂದು ಬೆಳಿಗ್ಗೆ ಅವಳು ನನ್ನನ್ನು ಕರೆದಳು. ತುದಿಗಳಲ್ಲಿ ಸಾಸಿವೆ ಕಾಳಿನಷ್ಟು ಕೆಂಪು. ಕೆಲವು ದಿನಗಳಲ್ಲಿ ಅದು ಹೆಸರುಕಾಳಾಯಿತು, ಆಮೇಲೆ ಕಡಲೆಯಷ್ಟಾಯಿತು. ಗಿಡದ ತುಂಬ ಮೊಗ್ಗು. ಮೊದಲ ಹೂ ಕೃಷ್ಣನಿಗೆ, ಉಳಿದದ್ದೆಲ್ಲ ಗಿಡದಲ್ಲೇ ಇರಲಿ, ಕುಂಡ ಸಮೇತ ಟೀಚರ್ ಮನೆಗೆ ಎಂದು ತುಂಗಾ ಲೆಕ್ಕ ಹಾಕಿದಳು. ಮೊಗ್ಗು ಬಂದ ಮೇಲೆ ಕುಂಡವನ್ನು ಅಲುಗಿಸಬೇಡಿ, ದಿಕ್ಕು ಕೂಡ ಬದಲಿಸಬೇಡಿ ಎಂದು ಟೀಚರ್ ಕೆಳಗಿನಿಂದ ಹೇಳಿ ಕಳಿಸಿದ್ದರು. ಅದನ್ನು ತುಂಗಾ ನನಗೆ ಹೇಳಿದಳು, ದಿನೇಶನಿಗೆ ಹೇಳಿದಳು, ಟ್ಯಾಂಕಿ ತೊಳೆಯುವವನಿಗೂ ಹೇಳಿದಳು. ಕಿಟ್ಟಣ್ಣನಿಗೆ ಮಾತ್ರ ಹೇಳಲಿಲ್ಲ. ಅವನು ತಾರಸಿಯ ಕಡೆ ತಲೆ ಹಾಕುವವನೇ ಅಲ್ಲ.

ಒಂದು ದಿನ ಹಾಕಿದ. ಮೊಗ್ಗು ನೋಡಿದ. ಹೆಂಡತಿ ಮಾಡಿದ ಕೆಲಸ ಯಾರಾದರೂ ನೋಡಬೇಕಲ್ಲ ಎಂದು ಅವನ ಜೀವಕ್ಕೆ ಅನಿಸಿತು. ಹೋಟೆಲಿನವರಿಗೆ ಅದೊಂದು ರೋಗ, ಚೆನ್ನಾಗಿರುವುದು ಏನಿದ್ದರೂ ಅದು ಗಲ್ಲಾದ ಪಕ್ಕದಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳಬೇಕು. ತುಂಗಾ ಬ್ಯಾಂಕಿಗೆ ಹೋದ ಹೊತ್ತಿನಲ್ಲಿ ಕುಂಡವನ್ನು ಎತ್ತಿಕೊಂಡು ಹೋಗಿ ಗಲ್ಲಾದ ಮೇಲೆ, ಏಸಿ ಗಾಳಿಯ ಎದುರಿಗೆ, ಊದುಬತ್ತಿಯ ಪಕ್ಕ ಇಟ್ಟು, ಊಟಕ್ಕೆ ಬಂದವರಿಗೆಲ್ಲ ನನ್ನ ಹೆಂಡತಿ ಬೆಳೆಸಿದ್ದು ಎಂದು ಸಾಯಂಕಾಲದವರೆಗೆ ತೋರಿಸಿದ. ತುಂಗಾ ಬಂದು ನೋಡಿದಾಗ ಅವನು ನಗುತ್ತಿದ್ದ.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಅಂಡಾ ಎತ್ತಿದರೆ ಹಲಗೆಯ ಮೇಲೆ ಮೊಗ್ಗು ಬಿದ್ದಿರುತ್ತಿತ್ತು. ಇವತ್ತು ಎರಡು, ನಾಳೆ ಐದು. ನಾನು ಕಿಟ್ಟಣ್ಣನ ಚಳಿ ಬಿಡಿಸಿದೆ. ನಮ್ಮ ತಾಯಿ ತೀರಿಕೊಂಡ ಮೇಲೆ ಅವನನ್ನು ಅಷ್ಟು ಬೈದದ್ದು ಅದೇ ಮೊದಲು. ನಾಲ್ಕು ಜನ ನೋಡಲಿ ಅಂತ ಮಾಡಿದೆ ಅಕ್ಕ ಎಂದು ಅವನು ತಲೆ ತಗ್ಗಿಸಿದ. ತುಂಗಾ ಮಾತ್ರ ಬಿದ್ದ ಮೊಗ್ಗುಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬಂದು ಕೃಷ್ಣನ ಪಾದದ ಹತ್ತಿರ ಇಡುತ್ತಿದ್ದಳು. ಕೊನೆಗೆ ಗಿಡದಲ್ಲಿ ಉಳಿದದ್ದು ಒಂದೇ ಒಂದು, ಗೋಡೆಯ ಕಡೆಗೆ ಬಾಗಿದ್ದ ತುದಿಯಲ್ಲಿ. ಅದು ದಿನದಿನಕ್ಕೂ ಉದ್ದವಾಗುತ್ತಾ ಹೋಯಿತು.

ಈಗ ನೋಡಿ ಪೇಚು. ಮೊದಲ ಹೂ ಎಂದು ಕೃಷ್ಣನಿಗೆ ಹರಕೆ. ಗಿಡದಲ್ಲಿರುವ ಹೂ ಎಂದು ಟೀಚರ್‌ಗೆ ಮಾತು. ಹೂ ಒಂದು. ಕೊಯ್ದು ಕೃಷ್ಣನಿಗೆ ಏರಿಸಿದರೆ ಟೀಚರ್‌ಗೆ ಏನೂ ಇಲ್ಲ. ಟೀಚರ್ ಮನೆಗೆ ಕುಂಡ ಒಯ್ದರೆ ದಾರಿಯಲ್ಲೇ ಅದೂ ಉದುರುತ್ತದೆ. ಮೈತುಂಬ ಹೂವಿದ್ದ ಕಾಲದಲ್ಲಿ ಟೀಚರ್ ತಾಯಿ ಕುಂಡ ಎತ್ತಿದಾಗ ನಾಲ್ಕು ಬಿದ್ದರೂ ನಡೆಯುತ್ತಿತ್ತು, ನಮಗೆ ನಡೆಯುವುದಿಲ್ಲ. ದೇವರಿಗೆ ಕೊಟ್ಟ ಮಾತು ದೊಡ್ಡದು, ಮನುಷ್ಯರು ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಾನು ಹೇಳಿದೆ. ನನಗೆ ಅದರಲ್ಲಿ ಸಂಶಯವಿರಲಿಲ್ಲ. ತುಂಗಾ ಕೇಳಿಸಿಕೊಂಡು ಕೆಲಸಕ್ಕೆ ಇಳಿದು ಹೋದಳು. ಅವಳಿಗೆ ರಾತ್ರಿ ನಿದ್ದೆ ಬರುತ್ತಿಲ್ಲವೆಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು.

ಕ್ರಿಸ್‌ಮಸ್‌ನ ಹಿಂದಿನ ದಿನ ಬೆಳಿಗ್ಗೆ ಮೊಗ್ಗು ಬಾಯಿ ಬಿಟ್ಟಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ನಾನು ತಾರಸಿಯಲ್ಲಿ ಹಾಕಿದ್ದ ಮಡಿಬಟ್ಟೆ ತರಲು ಹೊರಟೆ. ಮೆಟ್ಟಿಲ ತಿರುವು ತೊಳೆದು ಚೊಕ್ಕಟವಾಗಿತ್ತು, ನೆಲದಲ್ಲಿ ರಂಗೋಲಿ ಬರೆದಿತ್ತು. ತುಂಗಾ ಒದ್ದೆ ಸೀರೆಯಲ್ಲಿ ನಿಂತಿದ್ದಳು, ಅವಳ ಅಂಗೈಯಲ್ಲಿ ನಮ್ಮ ಬೆಳ್ಳಿಯ ಅಂಬೆಗಾಲು ಕೃಷ್ಣ. ನಮ್ಮ ಅಜ್ಜಿಯ ಕಾಲದ ಮೂರ್ತಿ, ಪೂಜೆಯದು. ಉಡುಪಿಯಿಂದ ಇಲ್ಲಿಗೆ ಬಂದ ಮೇಲೆ ದೇವರ ಕೋಣೆಯ ಹೊಸ್ತಿಲು ದಾಟಿದ್ದಿಲ್ಲ. ಟ್ಯಾಂಕಿ ತೊಳೆಯುವವರು ಚಪ್ಪಲಿ ಹಾಕಿಕೊಂಡು ಓಡಾಡುವ ಜಾಗಕ್ಕೆ ಅವನನ್ನು ತಂದಿದ್ದಾಳೆ. ಇದೇನು ಕೆಲಸ ಎಂದು ಗದರಿಯೇಬಿಟ್ಟೆ.

“ಮೊದಲ ಹೂ ನಿಂಗೆ ಅಂತ ಹೇಳಿದ್ದು ಅತ್ತಿಗೆ, ಕೊಯ್ದು ಕೊಡ್ತೇನೆ ಅಂತ ಹೇಳ್ಲಿಲ್ಲ,” ಎಂದಳು ತುಂಗಾ. “ಗಿಡ ಅಲುಗುವ ಹಾಗಿಲ್ಲ. ಅಂಬೆಗಾಲಿಡುವವ ಅವನಲ್ವಾ, ಅವನೇ ಬರ್ಲಿ ಅಂತ ಕರ್ಕೊಂಡು ಬಂದೆ.”

ಹೇಳಿ, ಮೂರ್ತಿಯನ್ನು ಹೂವಿನ ಕೆಳಗೆ ಕಲ್ಲಿನ ಹಲಗೆಯ ಮೇಲೆ ಇಟ್ಟಳು. ಕೆಳಗಿನಿಂದ ಕುರ್ಚಿ ಎಳೆಯುವ ಸದ್ದು ಕೇಳಿ ಬಗ್ಗಿ ನೋಡಿದೆ. ಕಿಟ್ಟಣ್ಣ ಹೋಟೆಲಿನ ಕುರ್ಚಿಗಳನ್ನು ತಂದು ಮೆಟ್ಟಿಲಿನ ಪ್ರತಿ ತಿರುವಿನಲ್ಲಿ ಒಂದೊಂದು ಹಾಕಿದ್ದ. ತುಂಗಾ ಕರೆಸಿದ್ದ ಎಸ್ತರ್ ಟೀಚರ್ ಕಂಬಿ ಹಿಡಿದು ಹತ್ತುತ್ತಿದ್ದರು. ನಾಲ್ಕು ಮೆಟ್ಟಿಲು ಹತ್ತುವುದು, ನಿಲ್ಲುವುದು, ಕುರ್ಚಿ ಸಿಕ್ಕಲ್ಲಿ ಕೂರುವುದು. ಅರ್ಧ ದಾರಿಯಲ್ಲಿ ಕಿಟ್ಟಣ್ಣ ಕಾಫಿ ಕೊಟ್ಟ. ಮೊಗ್ಗು ಉದುರಿಸಿದವನು ತಾನೇ ಎಂದು ಅವನೇ ಅವರಿಗೆ ಹೇಳಿಕೊಂಡನಂತೆ. ಮೇಲೆ ಬಂದಾಗ ಅವರ ಮುಖ ಕೆಂಪಾಗಿತ್ತು, ಕೈಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದರು.

ಗಿಡದ ಹತ್ತಿರ ಬಂದು ಟೀಚರ್ ಕನ್ನಡಕ ಏರಿಸಿದರು. ಹೂ ಪೂರ್ತಿ ಅರಳಿತ್ತು. ಪಕಳೆಗಳು ಹಿಂದಕ್ಕೆ ಮಡಿಸಿಕೊಂಡು, ಒಂದರೊಳಗಿಂದ ಇನ್ನೊಂದು ಇಳಿದು ಬಂದ ಹಾಗೆ. ಬಣ್ಣ ನಾನೂ ಹೇಳಲಾರೆ. ಅಂಚಿನಲ್ಲಿ ಕೆಂಪು ಎಂದರೆ ಸರಿ, ಒಳಕ್ಕೆ ಹೋದ ಹಾಗೆ ತಿಳಿಯಾಗುತ್ತಾ ಹೋಗಿ ಗಂಟಲಿನ ಹತ್ತಿರ ಹಾಲಿನ ಬಿಳುಪು. ಇಷ್ಟು ವರ್ಷ ಗಿಡದ ಬಗ್ಗೆ ಗೊಣಗಿದ ನಾನು ಇನ್ನೂ ಹತ್ತಿರಕ್ಕೆ ಬಗ್ಗಿ ನೋಡಿದೆ.

“ಇದುದಾನ್,” ಎಂದರು ಟೀಚರ್, ಇದೇ ಅದು ಎಂದು.

ಅವರು ಕೈಚೀಲ ತೆರೆದು ಕರವಸ್ತ್ರದ ಗಂಟು ಬಿಚ್ಚಿದರು. ಒಳಗೆ ಗೋದಲಿಯ ಮಗು, ಹಳೆಯ ಸುಣ್ಣದ ಗೊಂಬೆ, ಕೂನೂರಿನದು. ಒಂದು ಕೈ ಮುರಿದು ಅಂಟಿಸಿದ್ದು ಕಾಣುತ್ತಿತ್ತು. ಎಲ್ಲಿಡುವುದೆಂದು ಅವರು ಹಿಂದೆಮುಂದೆ ನೋಡಿದರು. ತುಂಗಾ ಕೃಷ್ಣನನ್ನು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿದಳು. ಒಂದು ಹೂವಿನ ಕೆಳಗೆ ಎರಡು ಕೂಸುಗಳು, ಒಂದು ಮೊಣಕಾಲೂರಿ, ಒಂದು ಅಂಗಾತ ಮಲಗಿ.

ಮಗುವನ್ನು ಹೂ ಉದುರುವವರೆಗೆ ಇಲ್ಲೇ ಬಿಡುತ್ತೇನೆ, ಗೋದಲಿ ಒಂದು ವರ್ಷ ಖಾಲಿಯಿದ್ದರೆ ಏನೂ ಆಗದು ಎಂದರು ಟೀಚರ್. ತುಂಡು ತಿರುಚಿದರೆ ಗಿಡ ಅಲುಗುತ್ತದೆಂದು ತುಂಗಾ ಮೊದಲೇ ಬೇರು ಬರಿಸಿಟ್ಟಿದ್ದ ಲೋಟವೊಂದನ್ನು ನಾಗರಕೋಯಿಲಿಗೆಂದು ಅವರ ಕೈಗೆ ಕೊಟ್ಟಳು. ಗೋಡೆಗೆ ಒರಗಿಸಿಟ್ಟ ಅಂಡಾ ಯಾಕೆ ಎಂದು ಟೀಚರ್ ಕೇಳಿದಾಗ ಅದರ ಕಥೆಯನ್ನೂ ಹೇಳಿದಳು. ಟೀಚರ್ ಅಂಡಾದ ಮೇಲೆ ಕೈಯಿಟ್ಟು, ನಮ್ಮ ಬೆಟ್ಟದಲ್ಲಿ ರಾತ್ರಿ ತಾನಾಗಿ ಬರುತ್ತಿತ್ತು, ನಮ್ಮಮ್ಮ ಏನೂ ಮಾಡಬೇಕಾಗಿರಲಿಲ್ಲ, ನೀನು ದಿನಾ ಒಂದೊಂದು ರಾತ್ರಿಯನ್ನು ಕೈಯಾರೆ ಮಾಡಿ ಕೊಟ್ಟಿದ್ದೀಯ ಎಂದರು. ತುಂಗಾ ಅತ್ತದ್ದನ್ನು ನಾನು ನೋಡಿದ್ದು ಆಗಲೇ.

ಟೀಚರ್ ಇಳಿದು ಹೋದ ಮೇಲೆ ಸಂಜೆಯಾಯಿತು. ಬೀದಿದೀಪ ಹತ್ತಿತು, ಬೋರ್ಡೂ ಹತ್ತಿತು, ಕಿಟಕಿಯಿಂದ ಬೆಳಕು ಒಳಗೆ ಬಿತ್ತು. ತುಂಗಾ ಅಂಡಾ ಎತ್ತಿಕೊಂಡವಳು ಹಾಗೇ ನಿಂತಳು. ಮುಚ್ಚಿದರೆ ಕೃಷ್ಣನ ಮೇಲೂ ಮುಚ್ಚಬೇಕು. ನಮ್ಮ ತಾಯಿಯ ಕಾಲದಿಂದ ಅವನನ್ನು ಒಂದು ಗಳಿಗೆಯೂ ಕತ್ತಲೆಯಲ್ಲಿ ಇಟ್ಟವರಲ್ಲ ನಾವು. ಅವಳು ನನ್ನ ಮುಖ ನೋಡಿದಳು. ಎಷ್ಟಾದರೂ ದೇವರು ನನ್ನ ಅಧಿಕಾರಕ್ಕೆ ಸೇರಿದವನು.

ನಾನು ಅವಳ ಕೈಯಿಂದ ಅಂಡಾ ತೆಗೆದುಕೊಂಡೆ.

“ಮಕ್ಕಳಲ್ವಾ, ಮಲಗ್ಲಿ,” ಎಂದೆ.

ಹೂವಿಗೆ ತಾಗದ ಹಾಗೆ ಮೆಲ್ಲಗೆ ಕವುಚಿ, ಅಂಚಿನ ಕೆಳಗೆ ಗಾಳಿಯ ಕಲ್ಲನ್ನು ಇಟ್ಟೆ.